ಟಿಕೆಟ್ ಬುಕ್ ಆದ್ಮೇಲೆ ಅತ್ತೆಗೆ ಸ್ಟೆಂಟ್: ನಮ್ಮ ಟ್ರಾವೆಲ್ ಇನ್ಶೂರೆನ್ಸ್ ಎಷ್ಟರಮಟ್ಟಿಗೆ ಕೈ ಹಿಡೀತು

ಮೊದ್ಲು ಒಟ್ಟು ಅಭಿಪ್ರಾಯ ಹೇಳ್ಬಿಡ್ತೀನಿ, ಪುರುಸೊತ್ತಿದ್ದೋರು ಆಮೇಲೆ ಪೂರ್ತಿ ಓದಿ. ಪಾಲಿಸಿ ಒಳ್ಳೇದು. ಕಂಪನಿಯ ಕ್ಲೇಮ್ ಡಿಪಾರ್ಟ್‌ಮೆಂಟ್ ಸುಮಾರು, ಗಟ್ಟಿಯಾಗಿ ಕೇಳಿದ್ರೆ ಮಾತ್ರ ಸರಿಯಾಗಿ ನಡ್ಕೊಳ್ತಾರೆ. ಪಾಲಿಸಿ ಮಾಡಿಸಿಕೊಟ್ಟ ಏಜೆಂಟ್ ಸಲಹೆ ಮಾತ್ರ ತೀರಾ ಕೆಟ್ಟದ್ದು, ಅದನ್ನ ಕೇಳಿದ್ದಿದ್ರೆ ಟಿಕೆಟ್ ದುಡ್ಡಷ್ಟೂ ಹೋಗ್ತಿತ್ತು. ಕಂಪನಿ ಹೆಸ್ರು ಇಲ್ಲಿ ಹಾಕಲ್ಲ, ಯಾಕಂದ್ರೆ ನಾನು ಹೇಳೋದೆಲ್ಲ ನೀವು ಯಾವ ಕಂಪನಿ ಪಾಲಿಸಿ ತಗೊಂಡ್ರೂ ನೋಡ್ಕೊಬೇಕಾದ್ದೇ.

ನಮ್ದು ವಿರಾಜಪೇಟೆ ಹತ್ರ ಸಣ್ಣ ಕಾಫಿ ತೋಟ. ತೋಟದವ್ರಿಗೆ ಮನೆಮಂದಿ ಎಲ್ಲಾ ಒಟ್ಟಿಗೆ ಎಲ್ಲಾದ್ರೂ ಹೋಗೋದು ಎಷ್ಟು ಕಷ್ಟ ಅಂತ ಇಲ್ಲಿಯವ್ರಿಗೆ ಹೇಳ್ಬೇಕಾಗಿಲ್ಲ. ರೋಬಸ್ಟಾ ಕುಯ್ಲು ಮುಗೀಬೇಕು, ಮೆಣಸು ಕುಯ್ದು ಒಣಗಬೇಕು, ಹೂಮಳೆ ಬರದಿದ್ರೆ ಸ್ಪ್ರಿಂಕ್ಲರ್ ಹಿಂದೆ ಓಡ್ಬೇಕು, ಇದೆಲ್ಲಾ ಒಂದು ಹಂತಕ್ಕೆ ಬರೋ ಹೊತ್ತಿಗೆ ಏಪ್ರಿಲ್, ಮಕ್ಕಳಿಗೂ ರಜೆ ಆಗ್ಲೇ. ಮೈದುನ ದುಬೈಲಿ ಕೆಲಸದಲ್ಲಿದ್ದಾನೆ, ಅವನ ಮಗುವನ್ನ ಅತ್ತೆ ವಿಡಿಯೋ ಕಾಲ್‌ನಲ್ಲಿ ಬಿಟ್ರೆ ನೋಡೇ ಇಲ್ಲ. ಹಾಗಾಗಿ ಅತ್ತೆ, ನಾವಿಬ್ರು, ಇಬ್ರು ಮಕ್ಕಳು ಅಂತ ಜನವರಿಲೇ ಟಿಕೆಟ್ ಮಾಡಿದ್ವಿ, ಕಣ್ಣೂರಿಂದ. ಕೊಡಗಲ್ಲಿ ಏರ್‌ಪೋರ್ಟ್ ಇಲ್ಲ, ಆದ್ರೆ 2018ರಲ್ಲಿ ಕಣ್ಣೂರು ಏರ್‌ಪೋರ್ಟ್ ಆದ್ಮೇಲೆ ವಿರಾಜಪೇಟೆ ಕಡೆಯವ್ರಿಗೆ ಮಾಕುಟ್ಟ ಘಾಟಿ ಇಳಿದ್ರೆ ಆಯ್ತು, ಬೆಂಗ್ಳೂರಿಗೆ ಹೋಗೋ ಕಷ್ಟ ಇಲ್ಲ. ಕಮ್ಮಿ ರೇಟಿನ ಟಿಕೆಟ್, ರೀಫಂಡ್ ಇಲ್ದೇ ಇರೋದು. ಅದಕ್ಕೇ ಇನ್ಶೂರೆನ್ಸ್ ಕೂಡ ಅದೇ ವಾರ ಮಾಡಿಸಿದ್ದು.

ಇಲ್ಲಿ ಒಂದು ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಸುಮಾರು ಜನ ಹೊರಡೋ ಹಿಂದಿನ ದಿನ ರಾತ್ರಿ ಆನ್‌ಲೈನಲ್ಲಿ ಪಾಲಿಸಿ ತಗೊಳ್ತಾರೆ, ಹೆಂಗಿದ್ರೂ ಅಲ್ಲಿ ಹೋದ್ಮೇಲೆ ತಾನೇ ಬೇಕಾಗೋದು ಅಂತ. ಒಂದೇ ಪಾಲಿಸಿ ಒಳಗೆ ಎರಡು ಬೇರೆ ಬೇರೆ ಲೆಕ್ಕ ಇರುತ್ತೆ. ಆಸ್ಪತ್ರೆ ಖರ್ಚಿನ ಕವರ್ ಶುರುವಾಗೋದು ನೀವು ದೇಶ ಬಿಟ್ಟ ಮೇಲೆ. ಟ್ರಿಪ್ ಕ್ಯಾನ್ಸಲೇಶನ್ ಕವರ್ ಇದ್ರೆ ಅದು ಪಾಲಿಸಿ ಕೈಗೆ ಬಂದಾಗಿಂದ ಶುರುವಾಗಿ ನೀವು ಹೊರಡೋವರೆಗೆ ಇರುತ್ತೆ. ಅಂದ್ರೆ ಜನವರಿಲಿ ತಗೊಂಡ್ರೆ ಏಪ್ರಿಲ್‌ವರೆಗೆ ಮನೇಲಿ ಯಾರಿಗಾದ್ರೂ ಏನಾದ್ರೂ ಆಗಿ ಹೋಗೋಕಾಗದಿದ್ರೆ ಆ ಭಾಗ ಕೆಲಸಕ್ಕೆ ಬರುತ್ತೆ. ಕಾಯಿಲೆ ಗೊತ್ತಾದ್ಮೇಲೆ ಪಾಲಿಸಿ ತಗೊಂಡ್ರೆ ಆ ಕಾಯಿಲೆಗೆ ಅದು ಇದ್ದೂ ಇಲ್ಲದ ಹಾಗೆ. ಮತ್ತೆ ಎಲ್ಲಾ ಪಾಲಿಸಿಲೂ ಕ್ಯಾನ್ಸಲೇಶನ್ ಇರಲ್ಲ, ತೀರಾ ಅಗ್ಗದ ಪ್ಲಾನ್‌ನಲ್ಲಿ ಬರೀ ಮೆಡಿಕಲ್, ಬ್ಯಾಗೇಜ್, ಪಾಸ್‌ಪೋರ್ಟ್ ಕಳೆದ್ರೆ ಇಷ್ಟು ಅಂತ ಇರುತ್ತೆ ಅಷ್ಟೇ. ನಾವು ಅದರ ಮೇಲಿನ ಪ್ಲಾನ್ ತಗೊಂಡಿದ್ವಿ.

ಫಾರ್ಮ್ ತುಂಬಿದ ರೀತಿ ಹೇಳ್ಲೇಬೇಕು. ಏಜೆಂಟ್ ಮನೆಗೆ ಬಂದು ಮೊಬೈಲಲ್ಲೇ ಎಲ್ಲಾ ತುಂಬಿದ್ರು, ಹೆಸ್ರು, ಪಾಸ್‌ಪೋರ್ಟ್ ನಂಬರ್ ಎಲ್ಲಾ ಕೇಳಿದ್ರು, ಆರೋಗ್ಯದ ಪ್ರಶ್ನೆ ಬಂದಾಗ ಮಾತ್ರ ಕೇಳ್ದೇನೇ ಟಕಟಕ ಅಂತ ಇಲ್ಲ, ಇಲ್ಲ, ಇಲ್ಲ ಅಂತ ಒತ್ಕೊಂಡು ಹೋದ್ರು. ನಾನು ಪಕ್ಕದಲ್ಲೇ ಕೂತಿದ್ದೆ, ನಿಲ್ಸಿ ಅಂದೆ. ಅತ್ತೆಗೆ 68, ಬಿಪಿ ಇದೆ, ಬೆಳಿಗ್ಗೆ ತಿಂಡಿ ಆದ್ಮೇಲೆ ಆಮ್ಲೋಡಿಪಿನ್ 5 ತಗೊಳ್ತಾರೆ, ಮಂಡಿ ನೋವಿಗೆ ಆಗಾಗ ಮಾತ್ರೆ. "ಮೇಡಂ ಬಿಪಿ ಎಲ್ರಿಗೂ ಇರುತ್ತೆ, ಹಾಕಿದ್ರೆ ಸುಮ್ನೆ ಪ್ರೀಮಿಯಂ ಜಾಸ್ತಿ" ಅಂದ್ರು. ಜಾಸ್ತಿ ಆದ್ರೆ ಆಗ್ಲಿ, ಮಾತ್ರೆ ಹೆಸ್ರು ಸಮೇತ ಹಾಕಿ ಅಂತ ಹಾಕಿಸ್ದೆ. ಅತ್ತೆದು ಒಬ್ರದ್ದೇ ಪ್ರೀಮಿಯಂ ಸ್ವಲ್ಪ ಏರಿತು. ಪಾಲಿಸಿ ಪಿಡಿಎಫ್ ಬಂದಾಗ ಅದರ ಜೊತೆ ಪ್ರಪೋಸಲ್ ಫಾರ್ಮ್, ಅಂದ್ರೆ ನಾವು ತುಂಬಿಕೊಟ್ಟ ಅರ್ಜಿಯ ಕಾಪಿನೂ ಇರುತ್ತೆ, ಅದನ್ನ ತೆಗೆದು ನೋಡಿ, ಬಿಪಿ ಮುಂದೆ ಹೌದು ಅಂತ ಇದ್ಯಾ ಅಂತ ಖಾತ್ರಿ ಮಾಡ್ಕೊಂಡೆ. ಮುಂದೆ ಕಥೆ ಪೂರ್ತಿ ನಿಂತಿದ್ದು ಆ ಒಂದು ಹೌದು ಮೇಲೆ.

ಮಾರ್ಚ್‌ನಲ್ಲಿ ಅತ್ತೆಗೆ ತೋಟದ ಏರಿ ಹತ್ತುವಾಗ ಎದೆ ಹಿಡಿದಂಗೆ ಆಗೋದು ಶುರುವಾಯ್ತು. ಗ್ಯಾಸ್ ಅಂತ ಅವ್ರು, ಇಲ್ಲ ತೋರಿಸ್ಬೇಕು ಅಂತ ನಾವು. ವಿರಾಜಪೇಟೆಲಿ ಇಸಿಜಿ ಮಾಡಿದ ಡಾಕ್ಟ್ರು ಸ್ವಲ್ಪ ವ್ಯತ್ಯಾಸ ಇದೆ ಅಂತ ಎರಡು ಹೊಸ ಮಾತ್ರೆ ಬರೆದುಕೊಟ್ರು, ಒಂದು ರಕ್ತ ತೆಳು ಮಾಡೋದು, ಇನ್ನೊಂದು ಕೊಲೆಸ್ಟ್ರಾಲ್‌ದು, ಮೈಸೂರಿಗೆ ಹೋಗಿ ಹಾರ್ಟ್ ಡಾಕ್ಟ್ರಿಗೆ ತೋರಿಸಿ ಅಂದ್ರು. ಆವತ್ತು ಸಂಜೆನೇ ನಾನು ಏಜೆಂಟ್‌ಗೆ ಫೋನ್ ಮಾಡಿ ಹೀಗೀಗೆ ಆಗಿದೆ, ಕಂಪನಿಗೆ ತಿಳಿಸ್ಬೇಕಲ್ವಾ ಅಂತ ಕೇಳ್ದೆ. ಅವ್ರು ಹೇಳಿದ್ದು ಇದು: "ಅಯ್ಯೋ ಬೇಡ ಮೇಡಂ, ಈಗ ಹೇಳಿದ್ರೆ ಪಾಲಿಸಿನೇ ಕ್ಯಾನ್ಸಲ್ ಮಾಡ್ಬಿಡ್ತಾರೆ, ಪಾಲಿಸಿ ತಗೊಂಡಾಗ ಇರ್ಲಿಲ್ಲ ತಾನೇ, ಸುಮ್ನೆ ಹೋಗಿ ಬನ್ನಿ."

ಇದು ಎಷ್ಟು ಅಪಾಯದ ಮಾತು ಅಂತ ಯೋಚನೆ ಮಾಡಿ ನೋಡಿ. ಅತ್ತೆಗೆ ದುಬೈಲಿ ಏನಾದ್ರೂ ಆಗಿ ಆಸ್ಪತ್ರೆಗೆ ಸೇರಿಸಿದ್ರೆ ಮೊದ್ಲು ಕೇಳೋದೇ ಯಾವ ಮಾತ್ರೆ ತಗೊಳ್ತಿದ್ದೀರಿ, ಯಾವತ್ತಿಂದ ಅಂತ. ಅದನ್ನ ಕೇಸ್ ಶೀಟ್‌ನಲ್ಲಿ ಬರೀತಾರೆ, ಆ ಕೇಸ್ ಶೀಟ್ ಕಂಪನಿ ಕೈಗೆ ಹೋಗುತ್ತೆ, ಕಂಪನಿ ಊರಿನ ಡಾಕ್ಟ್ರ ಚೀಟಿ ಕೇಳುತ್ತೆ, ಚೀಟಿ ಮೇಲೆ ತಾರೀಖು ಹೊರಡೋಕೆ ಮುಂಚಿಂದು. ಆಮೇಲೆ ಯಾರ ಹತ್ರ ಏನಂತ ವಾದ ಮಾಡೋದು? ನಮ್ ಪಾಲಿಸಿಲಿ ಸ್ಪಷ್ಟವಾಗಿ ಇತ್ತು, ಪ್ರಪೋಸಲ್ ಕೊಟ್ಟ ಮೇಲೆ ಪ್ರಯಾಣಕ್ಕೆ ಮುಂಚೆ ಆರೋಗ್ಯದಲ್ಲಿ ಮುಖ್ಯ ಬದಲಾವಣೆ ಆದ್ರೆ ತಿಳಿಸ್ಬೇಕು, ಡಾಕ್ಟ್ರು ಬೇಡ ಅಂದ್ರೂ ಪ್ರಯಾಣ ಮಾಡಿದ್ರೆ ಕವರ್ ಇಲ್ಲ ಅಂತ. ಲಂಡನ್‌ಲ್ಲಿರೋ ನಮ್ ನೆಂಟರು ಹೇಳೋ ಪ್ರಕಾರ ಅಲ್ಲಿ ಇದು ಮಾಮೂಲಿ ವಿಷಯ, ಹೊಸ ಮಾತ್ರೆ ಶುರುವಾದ್ರೆ, ಡೋಸ್ ಬದಲಾದ್ರೆ, ಟೆಸ್ಟ್ ರಿಸಲ್ಟ್‌ಗೆ ಕಾಯ್ತಾ ಇದ್ರೂ ಕೂಡ ಫೋನ್ ಮಾಡಿ ಹೇಳ್ತಾರೆ, ಕಂಪನಿ ಒಂದೋ ಹಾಗೇ ಮುಂದುವರಿಸುತ್ತೆ, ಇಲ್ಲ ಹೆಚ್ಚಿಗೆ ಪ್ರೀಮಿಯಂ ಕೇಳುತ್ತೆ, ಇಲ್ಲ ಅದೊಂದು ಕಾಯಿಲೆಗೆ ಕವರ್ ಇಲ್ಲ ಅನ್ನುತ್ತೆ. ನಮ್ಮಲ್ಲಿ ಹೇಳೋರನ್ನೇ ತಡೀತಾರೆ.

ಕಂಪನಿ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಅವ್ರಿಗೆ ನನ್ ಪ್ರಶ್ನೆನೇ ಅರ್ಥ ಆಗ್ಲಿಲ್ಲ. ಕ್ಲೇಮ್ ಮಾಡ್ಬೇಕಾ ಅಂತ ಕೇಳ್ತಾರೆ, ಇಲ್ಲ ಮಾಹಿತಿ ಕೊಡ್ಬೇಕು ಅಂದ್ರೆ ಅದಕ್ಕೆ ಆಪ್ಷನ್ ಇಲ್ಲ ಮೇಡಂ ಅಂತಾರೆ. ಕೊನೆಗೆ ಈಮೇಲ್ ಮಾಡಿದೆ, ಪಾಲಿಸಿ ನಂಬರ್ ಹಾಕಿ, ಯಾವ ದಿನ ಏನಾಯ್ತು, ಯಾವ ಮಾತ್ರೆ ಶುರುವಾಯ್ತು, ಯಾವ ಟೆಸ್ಟ್ ಬಾಕಿ ಇದೆ ಅಂತ ಎರಡು ಪ್ಯಾರಾ, ಜೊತೆಗೆ ಇಸಿಜಿ ಮತ್ತೆ ಚೀಟಿ ಫೋಟೋ. ಉತ್ತರ ಬರೋಕೆ ಒಂದು ವಾರದ ಮೇಲೇ ಹಿಡೀತು, ಇದಕ್ಕೆ ನಾನು ಮಾರ್ಕ್ಸ್ ಕಟ್ ಮಾಡ್ತೀನಿ, ಯಾಕಂದ್ರೆ ಪ್ರಯಾಣ ಹತ್ರ ಇದ್ದೋರು ಅಷ್ಟು ದಿನ ಹೇಗೆ ಕಾಯೋದು. ಆದ್ರೆ ಬಂದ ಉತ್ತರ ಪ್ರಾಮಾಣಿಕವಾಗಿತ್ತು: ಪಾಲಿಸಿ ಮುಂದುವರಿಯುತ್ತೆ, ಹಾರ್ಟ್‌ಗೆ ಸಂಬಂಧಪಟ್ಟಿದ್ದಕ್ಕೆ ಜೀವಕ್ಕೆ ಅಪಾಯ ಇರೋ ತುರ್ತು ಚಿಕಿತ್ಸೆಗೆ ಮಾತ್ರ ಇಷ್ಟರವರೆಗೆ ಕವರ್, ಪ್ರಯಾಣಕ್ಕೆ ಮುಂಚೆ ಡಾಕ್ಟ್ರಿಂದ ಫಿಟ್ ಅಂತ ಪತ್ರ ತಗೊಳ್ಳಿ. ಏಜೆಂಟ್ ಹೆದರಿಸಿದ ಹಾಗೆ ಯಾರೂ ಏನೂ ಕ್ಯಾನ್ಸಲ್ ಮಾಡ್ಲಿಲ್ಲ.

ಆ ಉತ್ತರ ಬರೋ ಹೊತ್ತಿಗೆ ನಾವು ಮೈಸೂರಲ್ಲಿದ್ವಿ. ನಮ್ ಕಡೆಯವ್ರು ಹಾರ್ಟ್ ಅಂದ್ರೆ ತಿತಿಮತಿ, ಆನೆಚೌಕೂರು ದಾಟಿ ಹುಣಸೂರು ಮೇಲೆ ಮೈಸೂರಿಗೇ ಹೋಗ್ಬೇಕು. ಆಂಜಿಯೋಗ್ರಾಂ ಮಾಡಿದ್ರು, ಒಂದು ಕಡೆ ದೊಡ್ಡ ಬ್ಲಾಕ್, ರಕ್ತನಾಳ ತೆರೆದಿಡೋ ಸ್ಟೆಂಟ್ ಹಾಕಿದ್ರು. ಅತ್ತೆ ವಾರ್ಡ್‌ನಲ್ಲಿ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು "ಮಗ, ಟಿಕೆಟ್ ಎಂತ ಮಾಡೋದು ಈಗ?" ಅಂತ. ದೇವರ ದಯೆ, ಈಗ ಚೆನ್ನಾಗಿದ್ದಾರೆ, ಮತ್ತೆ ಅದೇ ಏರಿ ಹತ್ತುತ್ತಾರೆ. ಡಾಕ್ಟ್ರು ಕೆಲವು ತಿಂಗಳು ದೂರ ಪ್ರಯಾಣ ಬೇಡ ಅಂದ್ರು, ನಾವೂ ಅವ್ರನ್ನ ಬಿಟ್ಟು ಹೋಗೋ ಪ್ರಶ್ನೆನೇ ಇರ್ಲಿಲ್ಲ, ಅಲ್ಲಿ ಮೊಮ್ಮಗುನ ನೋಡ್ಬೇಕಾಗಿದ್ದೇ ಅವ್ರು.

ಕ್ಯಾನ್ಸಲೇಶನ್ ಕ್ಲೇಮ್ ಬಗ್ಗೆ ಈಗ ಹೇಳ್ತೀನಿ, ಇದು ಮುಖ್ಯ. ಸ್ಟೆಂಟ್ ಖರ್ಚು ಟ್ರಾವೆಲ್ ಪಾಲಿಸಿ ಕೊಡಲ್ಲ, ಊರಲ್ಲಿ ಆಗೋ ಚಿಕಿತ್ಸೆ ಅದರ ಕೆಲಸ ಅಲ್ಲ, ಅದು ನಿಮ್ಮ ಹೆಲ್ತ್ ಪಾಲಿಸಿದು. ಟ್ರಾವೆಲ್ ಪಾಲಿಸಿ ಕೊಡೋದು ವಾಪಸ್ ಬರದ ಟಿಕೆಟ್ ಮತ್ತೆ ಹೋಟೆಲ್ ದುಡ್ಡು, ಅದೂ ಪಾಲಿಸಿಲಿ ಹೇಳಿದ ಕಾರಣಕ್ಕೆ ಮಾತ್ರ. ನಮ್ಮದ್ರಲ್ಲಿ ಷರತ್ತು ಏನಂದ್ರೆ ಇನ್ಶೂರ್ ಆದೋರು ಅಥ್ವಾ ಹತ್ತಿರದ ಕುಟುಂಬದವ್ರು ಆಸ್ಪತ್ರೆಲಿ 24 ಗಂಟೆಗಿಂತ ಜಾಸ್ತಿ ಅಡ್ಮಿಟ್ ಆಗಿರ್ಬೇಕು, ಪ್ರಯಾಣ ಮಾಡೋ ಹಾಗಿಲ್ಲ ಅಂತ ಡಾಕ್ಟ್ರು ಬರೆದುಕೊಡ್ಬೇಕು. ಬರೀ ಮಾತ್ರೆ ಬದಲಾಗಿ ಭಯದಿಂದ ನಾವೇ ಬೇಡ ಅಂತ ನಿಂತಿದ್ರೆ ಒಂದು ರೂಪಾಯಿನೂ ಬರ್ತಿರ್ಲಿಲ್ಲ, ಈ ಷರತ್ತು ಓದಿಕೊಂಡೇ ನಿರ್ಧಾರ ಮಾಡಿ. ಡಾಕ್ಟ್ರು ಬೇಡ ಅಂದ ದಿನವೇ ಟಿಕೆಟ್ ಕ್ಯಾನ್ಸಲ್ ಮಾಡ್ಬೇಕು, ತಡ ಮಾಡಿದಷ್ಟೂ ಏರ್‌ಲೈನ್ ಕಟ್ ಮಾಡೋದು ಜಾಸ್ತಿ, ಆ ಹೆಚ್ಚಿನ ನಷ್ಟ ನಾವ್ಯಾಕೆ ಕೊಡ್ಬೇಕು ಅಂತ ಕಂಪನಿ ಕೇಳುತ್ತೆ. ಇನ್ನೊಂದು, ನಾನ್ ರೀಫಂಡಬಲ್ ಟಿಕೆಟ್ ಆದ್ರೂ ಏರ್‌ಪೋರ್ಟ್‌ನ ಯೂಸರ್ ಫೀ ತರದ ಸರ್ಕಾರಿ ತೆರಿಗೆ ಶುಲ್ಕಗಳನ್ನ ಏರ್‌ಲೈನ್ ವಾಪಸ್ ಕೊಡ್ಲೇಬೇಕು ಅಂತ ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮ ಇದೆ, ಬೇಸ್ ಫೇರ್ ಮತ್ತೆ ಫ್ಯೂಯಲ್ ಚಾರ್ಜ್‌ಗಿಂತ ಜಾಸ್ತಿ ಕ್ಯಾನ್ಸಲೇಶನ್ ಚಾರ್ಜ್ ಹಾಕೋ ಹಾಗೂ ಇಲ್ಲ. ಅದನ್ನ ಮೊದ್ಲು ಏರ್‌ಲೈನಿಂದ ವಸೂಲಿ ಮಾಡಿ, ಎಷ್ಟು ವಾಪಸ್ ಬಂತು ಎಷ್ಟು ಹೋಯ್ತು ಅಂತ ಲೆಟರ್ ತಗೊಳ್ಳಿ, ಆ ಲೆಟರ್ ಇಲ್ದೆ ಕ್ಲೇಮ್ ಮುಂದೆ ಹೋಗಲ್ಲ. ನಾವು ಅದ್ರ ಜೊತೆ ಡಿಸ್ಚಾರ್ಜ್ ಸಮರಿ, ಡಾಕ್ಟ್ರ ಪತ್ರ, ಪಾಸ್‌ಪೋರ್ಟ್ ಕಾಪಿ, ಕ್ಯಾನ್ಸಲ್ ಮಾಡಿದ ಚೆಕ್ ಎಲ್ಲಾ ಕಳಿಸಿದ್ವಿ.

ಮೊದ್ಲ ಉತ್ತರ: ರಿಜೆಕ್ಟ್. ಕಾರಣ, ಅತ್ತೆಗೆ ಬಿಪಿ ಮೊದ್ಲೇ ಇತ್ತು, ಬಿಪಿಯಿಂದ ಹಾರ್ಟ್ ಬ್ಲಾಕ್ ಬರುತ್ತೆ, ಹಾಗಾಗಿ ಇದು ಮೊದ್ಲಿಂದ ಇದ್ದ ಕಾಯಿಲೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಿಪಿ ಅಂತ ನಾವೇ ಬರೆದುಕೊಟ್ಟಿದ್ದೀವಿ, ಅದಕ್ಕೆ ಅಂತ್ಲೇ ಹೆಚ್ಚಿಗೆ ದುಡ್ಡು ತಗೊಂಡಿದ್ದಾರೆ, ಈಗ ಅದೇ ಬಿಪಿನ ನಮ್ ಮೇಲೇ ತಿರುಗಿಸೋದಾ?

ನಮ್ಮನೆಯವ್ರ ಸ್ನೇಹಿತ್ರೊಬ್ರು ಮಡಿಕೇರಿಲಿ ವಕೀಲ್ರು, ಅವ್ರು ಒಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ರು, 2021 ಡಿಸೆಂಬರ್‌ದು, ಜಸ್ಟೀಸ್ ಚಂದ್ರಚೂಡ್ ಮತ್ತೆ ನಮ್ಮ ಕರ್ನಾಟಕದವ್ರೇ ಆದ ಜಸ್ಟೀಸ್ ನಾಗರತ್ನ ಇದ್ದ ಪೀಠದ್ದು. ಅದು ವಿದೇಶ ಪ್ರವಾಸದ ಮೆಡಿಕ್ಲೇಮ್ ಕೇಸೇ. ಒಬ್ರು ಮದುವೆಗೆ ಅಂತ ಅಮೆರಿಕಕ್ಕೆ ಹೊರಟಿದ್ದಾರೆ, ಪಾಲಿಸಿ ತಗೊಳ್ಳುವಾಗ ಶುಗರ್ ಇದೆ ಅಂತ ಹೇಳಿದ್ದಾರೆ, ಮೆಡಿಕಲ್ ಟೆಸ್ಟ್ ಕೂಡ ಆಗಿದೆ. ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಲ್ಲಿ ಇಳೀತಿದ್ದಂಗೆ ಹಾರ್ಟ್ ಅಟ್ಯಾಕ್, ಮೂರು ಸ್ಟೆಂಟ್. ಕೊಲೆಸ್ಟ್ರಾಲ್ ಮಾತ್ರೆ ತಗೊಳ್ತಿದ್ದ ವಿಷಯ ಹೇಳಿಲ್ಲ, ಮೊದ್ಲಿಂದ ಇದ್ದ ಕಾಯಿಲೆ ಅಂತೆಲ್ಲ ಹೇಳಿ ಕಂಪನಿ ಕ್ಲೇಮ್ ತಳ್ಳಿಹಾಕ್ತು. ಕೋರ್ಟ್ ಹೇಳಿದ್ದು, ಆರೋಗ್ಯ ಸ್ಥಿತಿ ನೋಡಿ ತೂಗಿ ಪಾಲಿಸಿ ಕೊಟ್ಟ ಮೇಲೆ, ಫಾರ್ಮ್‌ನಲ್ಲಿ ಹೇಳಿದ್ದ ಕಾಯಿಲೆಯನ್ನೇ ಮುಂದಿಟ್ಟು ಕ್ಲೇಮ್ ನಿರಾಕರಿಸೋ ಹಾಗಿಲ್ಲ ಅಂತ. ನಮ್ ಕೇಸಲ್ಲಿ ಕಂಪನಿ ಟೆಸ್ಟ್ ಮಾಡಿಸಿರ್ಲಿಲ್ಲ, ಅಷ್ಟು ವ್ಯತ್ಯಾಸ ಇದೆ, ಆದ್ರೂ ಬಿಪಿ ಅಂತ ತಿಳಿದು ಪ್ರೀಮಿಯಂ ಏರಿಸಿ ಕೊಟ್ಟಿದ್ದಾರಲ್ಲ, ಆ ತೀರ್ಪಿನ ಸಾಲು ಹಾಕಿ ಕಂಪನಿಯಲ್ಲಿ ದೂರು ನೋಡೋ ಗ್ರೀವೆನ್ಸ್ ಆಫೀಸರ್‌ಗೆ ಬರೆದ್ವಿ. ಜೊತೆಗೆ ಮೈಸೂರು ಡಾಕ್ಟ್ರಿಂದ ಇನ್ನೊಂದು ಪತ್ರ, ಹಾರ್ಟ್ ಸಮಸ್ಯೆ ಮೊದಲ ಬಾರಿ ಗೊತ್ತಾಗಿದ್ದು ಮಾರ್ಚ್‌ನಲ್ಲಿ, ಅದಕ್ಕೆ ಮುಂಚೆ ಅಂಥ ಯಾವ ಲಕ್ಷಣ, ಚಿಕಿತ್ಸೆ ಇರ್ಲಿಲ್ಲ ಅಂತ. ಮತ್ತೆ ನಾನು ಮೊದ್ಲೇ ಕಳಿಸಿದ್ದ ಆ ಈಮೇಲ್. ಅದೇ ದೊಡ್ಡ ಸಾಕ್ಷಿ ಆಯ್ತು, ಬಚ್ಚಿಡೋರು ಯಾರಾದ್ರೂ ಅವತ್ತೇ ಇಸಿಜಿ ಫೋಟೋ ತೆಗೆದು ಕಳಿಸ್ತಾರಾ?

ಕ್ಲೇಮ್ ಪಾಸಾಯ್ತು. ಐದೂ ಟಿಕೆಟ್‌ದು ಮತ್ತೆ ಹೋಟೆಲ್ ಅಡ್ವಾನ್ಸ್‌ದು, ಪಾಲಿಸಿಲಿದ್ದ ಡಿಡಕ್ಟಿಬಲ್, ಅಂದ್ರೆ ನಾವೇ ಹಾಕ್ಕೋಬೇಕಾದ ಪಾಲು ಕಳೆದು. ಪಾಸಾಗದಿದ್ರೆ ಮುಂದಿನ ದಾರಿ ರೆಡಿ ಮಾಡ್ಕೊಂಡಿದ್ವಿ: ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ಹಾಕ್ಬಹುದು, 155255ಕ್ಕೆ ಫೋನೂ ಮಾಡ್ಬಹುದು, ಕಂಪನಿಗೆ ದೂರು ಕೊಟ್ಟು ಒಂದು ತಿಂಗ್ಳಲ್ಲಿ ಉತ್ತರ ಬರದಿದ್ರೆ ಅಥ್ವಾ ಬಂದ ಉತ್ತರ ಸರಿ ಇಲ್ದಿದ್ರೆ ಬೆಂಗ್ಳೂರಲ್ಲಿ ಇಂಥ ಜಗಳ ತೀರ್ಮಾನ ಮಾಡೋ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಇದ್ದಾರೆ, ಅಲ್ಲಿ ಫೀಸ್ ಇಲ್ಲ, ವಕೀಲ್ರೂ ಬೇಡ. ಕೊಡಗಿಂದ ಬೆಂಗ್ಳೂರು ದೂರ ಅಂತ ಬಿಟ್ಟುಬಿಡೋರು ತುಂಬಾ ಜನ, ದಯವಿಟ್ಟು ಬಿಡ್ಬೇಡಿ, ದೂರು ಆನ್‌ಲೈನಲ್ಲೇ ಹಾಕ್ಬಹುದು.

ನಮ್ ಊರಲ್ಲಿ ಕೇಳೋರಿಗೆಲ್ಲ ಇನ್ನೊಂದೆರಡು ಮಾತು ಹೇಳ್ತಿದ್ದೀನಿ, ಇಲ್ಲೂ ಹಾಕ್ತೀನಿ. 2024ರಿಂದ ಹಳೆ ಕಾಯಿಲೆಗೆ ಕವರ್ ಸಿಗೋಕೆ ಕಾಯೋ ಅವಧಿ 36 ತಿಂಗಳು ಮೀರೋ ಹಾಗಿಲ್ಲ ಅಂತ ಆಗಿದ್ಯಲ್ಲ, ಅದು ಊರಿನ ಹೆಲ್ತ್ ಪಾಲಿಸಿ ಲೆಕ್ಕ, ವಿದೇಶ ಪ್ರವಾಸದ ಪಾಲಿಸಿಗೆ ಅದನ್ನ ತಂದು ಹೊಂದಿಸ್ಬೇಡಿ. ಯುರೋಪ್‌ಗೆ ಹೋಗೋರಿಗೆ ಶೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ಮೆಡಿಕಲ್ ಕವರ್ ಬೇಕೇ ಬೇಕು, ಆದ್ರೆ ವೀಸಾ ಸಿಕ್ಕಿತು ಅಂದ್ರೆ ಅಮ್ಮನ ಹಳೆ ಕಾಯಿಲೆಗೂ ಕವರ್ ಆಯ್ತು ಅಂತ ಅರ್ಥ ಅಲ್ಲ. ವಯಸ್ಸಾದೋರ ಪಾಲಿಸಿಲಿ ರೂಮಿಗೆ ಇಷ್ಟು, ಸರ್ಜನ್‌ಗೆ ಇಷ್ಟು ಅಂತ ಸಬ್ ಲಿಮಿಟ್ ಇದ್ಯಾ ನೋಡಿ, ಮೇಲೆ ದೊಡ್ಡ ಅಕ್ಷರದಲ್ಲಿ 1 ಲಕ್ಷ ಡಾಲರ್ ಅಂತ ಇದ್ರೂ ಒಳಗೆ ಕೈಗೆ ಬರೋದು ಅದರಲ್ಲಿ ಸ್ವಲ್ಪವೇ ಆಗಿರುತ್ತೆ.

ದುಬೈಗೆ ಹೋಗೋರು ಮಾತ್ರೆ ವಿಷಯದಲ್ಲಿ ತುಂಬಾ ಹುಷಾರು. ಟ್ರಮಡಾಲ್, ಕೋಡಿನ್, ಪ್ರಿಗ್ಯಾಬಲಿನ್ ಇರೋ ನೋವಿನ ಮಾತ್ರೆಗಳು ಅಲ್ಲಿ ಕಂಟ್ರೋಲ್ಡ್, ಅಲ್ಲಿನ ಸರ್ಕಾರದಿಂದ ಮೊದ್ಲೇ ಆನ್‌ಲೈನಲ್ಲಿ ಪರ್ಮಿಟ್ ತಗೋಬೇಕು. ಅತ್ತೆಯ ಮಂಡಿ ನೋವಿನ ಮಾತ್ರೆ ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಟ್ರಮಡಾಲ್ ಅಂತ ಇತ್ತು, ಡಾಕ್ಟ್ರ ಹತ್ರ ಕೇಳಿ ಬೇರೆ ಬರೆಸಿದ್ವಿ. ಗಸಗಸೆ ಕೂಡ ಅಲ್ಲಿ ನಿಷೇಧ. ಮಗನಿಗೆ ಅಂತ ಅತ್ತೆ ಮಸಾಲೆ ಪುಡಿ, ಕಾಚಂಪುಳಿ (ನಮ್ ಕೊಡಗಿನ ಹುಳಿ) ಎಲ್ಲಾ ಕಟ್ಟಿ ಇಟ್ಟಿದ್ರು, ಯಾವ ಪುಡಿಲಿ ಗಸಗಸೆ ಹಾಕಿದ್ದಾರೆ ಅಂತ ಕೇಳಿ ಕೇಳಿ ತೆಗೆಸಿದ್ವಿ.

ಈಗ ಅಕ್ಟೋಬರ್‌ಗೆ ಮತ್ತೆ ಟಿಕೆಟ್ ಮಾಡಿದ್ದೀವಿ. ಕಾವೇರಿ ಸಂಕ್ರಮಣಕ್ಕೆ ತೀರ್ಥ ಮನೆಗೆ ಬರದೆ ಅತ್ತೆ ಎಲ್ಲಿಗೂ ಹೊರಡಲ್ಲ, ಹಾಗಾಗಿ ಅದಾದ್ಮೇಲೆ, ಕುಯ್ಲು ಶುರುವಾಗೋಕೆ ಮುಂಚೆ. ಅದೇ ಕಂಪನಿ ಪಾಲಿಸಿನೇ ತಗೊಂಡ್ವಿ, ಏಜೆಂಟ್ ಬಿಟ್ಟು ನೇರವಾಗಿ. ಸ್ಟೆಂಟ್ ಹಾಕಿದ ತಾರೀಖು, ಈಗಿನ ಮಾತ್ರೆಗಳ ಪಟ್ಟಿ ಎಲ್ಲಾ ಫಾರ್ಮ್‌ನಲ್ಲಿ ಹಾಕಿದ್ದೀವಿ. ಪ್ರೀಮಿಯಂ ಚೆನ್ನಾಗೇ ಏರಿದೆ, ಹಾರ್ಟ್‌ಗೆ ಜೀವಕ್ಕೆ ಅಪಾಯ ಇರೋ ತುರ್ತಿಗೆ ಮಾತ್ರ ಕವರ್, ಅದಕ್ಕೂ ಮಿತಿ ಇದೆ. ಬೇರೆ ಕಂಪನಿದೂ ಕೇಳಿ ನೋಡ್ದೆ, ಅವ್ರು ಸ್ಟೆಂಟ್ ಅಂದ ತಕ್ಷಣ ಹಾರ್ಟ್‌ಗೆ ಏನೂ ಇಲ್ಲ ಅಂದ್ರು. ಮಿತಿ ಇದ್ರೂ ಬರವಣಿಗೆಯಲ್ಲಿ ಕೊಟ್ಟಿರೋದು ನಮಗೆ ಸಾಕು. ಡಾಕ್ಟ್ರ ಫಿಟ್ ಪತ್ರ ಹೊರಡೋ ವಾರ ತಗೊಳ್ತೀವಿ, ಏರ್‌ಲೈನ್‌ದು ಮೆಡಿಕಲ್ ಫಾರ್ಮ್ ಬೇಕಾಗುತ್ತಾ ಅಂತ ಕೇಳಿದ್ದೀವಿ.

ಮಾರ್ಕ್ಸ್ ಕೊಡಿ ಅಂದ್ರೆ ಪಾಲಿಸಿಗೆ ಐದಕ್ಕೆ ನಾಲ್ಕು, ಮಾಹಿತಿ ಕೊಡೋ ಗ್ರಾಹಕರನ್ನ ನಡೆಸಿಕೊಂಡ ರೀತಿಗೆ ಎರಡು. ಪ್ರಯಾಣಕ್ಕೆ ಮುಂಚೆ ಆರೋಗ್ಯ ಬದಲಾದ್ರೆ ತಿಳಿಸೋಕೆ ಒಂದು ಸರಿಯಾದ ನಂಬರ್, ಎರಡು ದಿನದಲ್ಲಿ ಲಿಖಿತ ಉತ್ತರ, ಇಷ್ಟು ಮಾಡಿದ್ರೆ ಪೂರ್ತಿ ಕೊಡ್ತೀನಿ, ಇದನ್ನ ಅವ್ರಿಗೂ ಬರೆದು ಕಳಿಸಿದ್ದೀನಿ. ವೀಸಾಗೆ ಕಟ್ಟಿದ ದುಡ್ಡು ಇನ್ನೂ ಬಂದಿಲ್ಲ, ಪಾಲಿಸಿಲಿ ಪ್ರಯಾಣ ಮತ್ತೆ ವಸತಿ ಅಂತ ಮಾತ್ರ ಇದೆ, ವೀಸಾ ಸೇರಲ್ಲ ಅಂತಾರೆ. ವೀಸಾ ಇಲ್ದೆ ಪ್ರಯಾಣ ಎಲ್ಲಿಂದ ಅಂತ ನಾವು ಕೇಳಿದ್ದೀವಿ, ಆ ಪತ್ರಕ್ಕೆ ಉತ್ತರ ಬರ್ಬೇಕಷ್ಟೆ.